ತೊಳೆದ ಕಸ

ನಮ್ಮ ಶೆಡ್ಡಿನಲ್ಲಿ ಗ್ಲೌಸು ಇರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇತ್ತು. ಒಳ್ಳೇ ಗ್ಲೌಸು. ಕಿತ್ತಳೆ ಬಣ್ಣ, ದಪ್ಪ ರಬ್ಬರು, ಮೊಣಕೈವರೆಗೆ ಬರುತ್ತೆ. ಆಫೀಸಿನಲ್ಲಿ ಪ್ರಚಾರದ ಮೇಡಂ ಕೂರುವ ರೂಮಿದೆಯಲ್ಲ, ಅಲ್ಲಿ ಗಾಜಿನ ಬಾಗಿಲಿನ ಬೀರುವಿನಲ್ಲಿ, ಕ್ಯಾಮೆರಾ ಪಕ್ಕ, ಸಾಲಾಗಿ ಜೋಡಿಸಿಟ್ಟಿದ್ದರು. ಬೀರುವಿಗೆ ಬೀಗ. ಬೀಗದ ಕೈ ಮೇಡಂ ಕತ್ತಿನಲ್ಲಿ, ಐಡಿ ಕಾರ್ಡಿನ ದಾರದಲ್ಲಿ.

ಅದು ಕೆಲಸದ ಗ್ಲೌಸಲ್ಲ. ಫೋಟೋದ ಗ್ಲೌಸು.

ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಊರಿನ ಕಸ ಲಾರಿಯಲ್ಲಿ ನಮ್ಮ ಶೆಡ್ಡಿಗೆ ಬರುತ್ತೆ. ನಾನು ಅದನ್ನು ಇಳಿಸಿ ಸಲಿಕೆಯಲ್ಲಿ ಬೆಲ್ಟಿಗೆ ತಳ್ಳುವವನು. ಬೆಲ್ಟ್ ಅಂದರೆ ಓಡುವ ರಬ್ಬರು ಪಟ್ಟಿ. ಅದರ ಎರಡೂ ಬದಿಗೆ ಹೆಂಗಸರು ನಿಂತಿರುತ್ತಾರೆ. ಪ್ಲಾಸ್ಟಿಕ್ ಒಂದು ಬುಟ್ಟಿಗೆ, ಗಾಜು ಒಂದು ಬುಟ್ಟಿಗೆ, ತಗಡು ಒಂದಕ್ಕೆ. ಬೆಲ್ಟ್ ನಿಲ್ಲಲ್ಲ. ಕೈಯೂ ನಿಲ್ಲಬಾರದು. ಆಗ ಎರಡೂ ಬರಿಗೈ. ಒಡೆದ ಬಾಟಲಿ, ಮಕ್ಕಳ ಡೈಪರು, ಸತ್ತ ಇಲಿ, ಬ್ಲೇಡು, ಹುಳ ಬಿದ್ದ ಅನ್ನ. ನೀವು ಮೂಗು ಮುಚ್ಚಿಕೊಂಡು ಎರಡೇ ಬೆರಳಲ್ಲಿ ಹಿಡಿದು ಎಸೆದದ್ದನ್ನು ನಮ್ಮ ಚಿಕ್ಕಮ್ಮ ಐದೂ ಬೆರಳಲ್ಲಿ ಹಿಡಿಯುತ್ತಾಳೆ.

ಚಿಕ್ಕಮ್ಮ ಅಂದರೆ ನಮ್ಮಮ್ಮನ ತಂಗಿ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಆರನೇ ಕ್ಲಾಸಿಗೇ ನಾನು ಸ್ಕೂಲು ಬಿಟ್ಟಾಗ ಬೆನ್ನಿಗೆ ನಾಲ್ಕು ಬಾರಿಸಿ, ಆಮೇಲೆ ಮೂಲೆಯಲ್ಲಿ ಕೂತು ತಾನೇ ಅತ್ತವಳು. ಶೆಡ್ಡಿನಲ್ಲಿ ನನ್ನ ಹೆಸರೇ ಆರನೇ ಕ್ಲಾಸು. ಅಲ್ಲಿ ನೆಟ್ಟಗೆ ಓದಲು ಬರುವುದು ನನಗೊಬ್ಬನಿಗೇ. ಹಾಗಾಗಿ ಅದು ಬೈಗುಳವೂ ಹೌದು, ಬಿರುದೂ ಹೌದು.

ಮೇಡಂ ಬಂದದ್ದು ಹೋದ ಬೇಸಿಗೆಯಲ್ಲಿ. ಆಗ ಆಫೀಸಿನ ಹೆಸರು ಕೆಟ್ಟು ಕೆರ ಹಿಡಿದಿತ್ತು. ಮೂಲೆಮೂಲೆಯಲ್ಲಿ ಕಸದ ಗುಡ್ಡೆ. ಜನ ಅದರ ಫೋಟೋ ತೆಗೆದು ಸೋಶಿಯಲ್ ಮೀಡಿಯಾಕ್ಕೆ ಹಾಕಿ ಆಫೀಸಿನ ದೊಡ್ಡ ಸಾಹೇಬರ ಮಾನ ಹರಾಜು ಹಾಕುತ್ತಿದ್ದರು. ಸಾಹೇಬರ ಮುಂದೆ ಎರಡು ದಾರಿ ಇದ್ದವು. ಇನ್ನಷ್ಟು ಲಾರಿ ತರುವುದು, ಇಲ್ಲವೇ ಮೇಡಂ ಅವರನ್ನು ತರುವುದು. ಮೇಡಂ ಅಗ್ಗಕ್ಕೆ ಬಿದ್ದರು.

ಬಂದ ದಿನವೇ ಬೆಲ್ಟಿನ ಪಕ್ಕ ನಮ್ಮನ್ನೆಲ್ಲ ಕೂರಿಸಿ ಕ್ಲಾಸು ತೆಗೆದುಕೊಂಡರು. ಮೂಗಿಗೆ ಕರ್ಚೀಫು, ಕೈಯಲ್ಲಿ ಕೋಲಿಗೆ ಸಿಕ್ಕಿಸಿದ ಫೋನು.

"ಅಕ್ಕಂದಿರೇ, ಅಣ್ಣಂದಿರೇ, ಇವತ್ತಿಂದ ನೀವು ಬರೀ ಕಸದವರಲ್ಲ. ನೀವು ನಮ್ಮ ಸಂಸ್ಥೆಯ ಮುಖ."

"ಇಷ್ಟು ದಿನ ಏನಾಗಿದ್ವಿ ಮೇಡಂ?" ಅಂದಳು ರೇಡಿಯೋ ಅಕ್ಕ. ಚಿಕ್ಕಮ್ಮನ ಎದುರು ಸಾಲಿನಲ್ಲಿ ನಿಲ್ಲುವವಳು. ಬೆಳಿಗ್ಗೆ ಬಾಯಿ ತೆರೆದರೆ ಸಂಜೆ ಬೆಲ್ಟ್ ನಿಂತಾಗಲೇ ಮುಚ್ಚುವುದು. ಅದಕ್ಕೇ ಆ ಹೆಸರು.

"ಮುಖದ ಉಲ್ಟಾ ಕಡೆ, ಕೂರೋಕೆ ಏನಿದೆಯೋ ಅದು," ಅಂದಳು ಚಿಕ್ಕಮ್ಮ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಮೇಡಂ ಕೂಡ ನಕ್ಕರು. ಅವರಿಗೆ ಅರ್ಥವಾಗಿರಲಿಲ್ಲ.

ಆಮೇಲೆ ಪಾಠ. ಕಥೆ ಹೇಳಬೇಕು. ಮುಖ ತೋರಿಸಬೇಕು. ದಿನಾ ಏನಾದರೂ ಹಾಕುತ್ತಿರಬೇಕು. ಎಲ್ಲಕ್ಕಿಂತ ಮುಖ್ಯ, ಜನ ಏನೇ ಬರೆಯಲಿ, ಬೈಯಲಿ, ಪ್ರತಿಯೊಂದು ಕಾಮೆಂಟಿಗೂ ಒಂದು ಗಂಟೆಯ ಒಳಗೆ ಉತ್ತರ ಹೋಗಬೇಕು.

"ಉತ್ತರ ಸಿಕ್ಕಿತು ಅಂದ್ರೆ ಮನುಷ್ಯನ ಸಿಟ್ಟು ಅರ್ಧ ಇಳಿಯುತ್ತೆ. ಇದು ಜನಸಂಪರ್ಕದ ಜೀವಾಳ."

"ಕಸ ಎತ್ತೋದು ಮೇಡಂ?" ಚಿಕ್ಕಮ್ಮ ಕೇಳಿದಳು.

"ಅದೂ ಮಾಡ್ತಾ ಇರಿ."

ನಮಗೂ ಆಫೀಸಿನ ಸೋಶಿಯಲ್ ಮೀಡಿಯಾ ಪೇಜಿನ ಕೆಲಸ ಬಿತ್ತು. ಫೋನು ಇದ್ದವರೆಲ್ಲ ಆಫೀಸಿನ ಪ್ರತಿ ಪೋಸ್ಟಿನ ಕೆಳಗೆ ಒಳ್ಳೆಯ ಮಾತು ಹಾಕಬೇಕು. ಏನು ಹಾಕಬೇಕೆಂದು ಮೇಡಂ ಬರೆದು ಕಳಿಸುತ್ತಿದ್ದರು. ಹೆಂಗಸರಿಗೆ ಓದಲು ಬರುವುದಿಲ್ಲ. ಒತ್ತಿ ಹಿಡಿಯುವುದು, ತಂದು ಅಂಟಿಸುವುದು, ಅಷ್ಟು ಕಲಿತರು. ಒಂದು ದಿನ ಆಫೀಸಿನ ಹಳೇ ದೊಡ್ಡ ಅಧಿಕಾರಿ ತೀರಿಕೊಂಡರು. ಪೇಜಿನಲ್ಲಿ ಅವರ ಫೋಟೋ, ದೀಪ, ಕಪ್ಪು ಅಂಚು. ಅದರ ಕೆಳಗೆ ಶೆಡ್ಡಿನ ಹೆಂಗಸರೆಲ್ಲ ಸಾಲಾಗಿ ಅಂಟಿಸಿದ್ದರು: "ತುಂಬಾ ಸಂತೋಷದ ಸುದ್ದಿ. ಹೀಗೆಯೇ ಮುಂದುವರಿಯಲಿ."

ಮೇಡಂ ತಲೆ ಚಚ್ಚಿಕೊಂಡರು. ರೇಡಿಯೋ ಅಕ್ಕನಿಗೆ ನಾನು ಓದಿ ಹೇಳಿದೆ. "ಇರಲಿ ಬಿಡೋ," ಅಂದಳು. "ಆ ಮನುಷ್ಯನ್ನ ನಾನು ನೋಡಿದೀನಿ. ತಪ್ಪೇನೂ ಬರ್ದಿಲ್ಲ."

ಆಮೇಲೆ ಶೂಟಿಂಗು ಶುರುವಾಯಿತು. ಮೊದಲ ಸಲ ಬೆಲ್ಟಿನ ಮೇಲಿನ ಕಸವನ್ನು ಫೋನಿನಲ್ಲಿ ನೋಡಿ ಮೇಡಂ ಮುಖ ಕಿವುಚಿದರು. ಇದು ಕಣ್ಣಿಗೆ ಹೊಡೆಯುತ್ತೆ, ಜನ ಬೆರಳಲ್ಲಿ ತಳ್ಳಿ ಮುಂದೆ ಹೋಗ್ತಾರೆ, ಸ್ವಲ್ಪ ನೀಟಾದ ಕಸ ಇಲ್ವಾ ಅಂದರು. ನೀಟಾದ ಕಸ! ನಮ್ಮ ಶೆಡ್ಡಿನ ಮೇಸ್ತ್ರಿ ಅದಕ್ಕೂ ದಾರಿ ಮಾಡಿದ. ಹೆಂಗಸರನ್ನು ಕೂರಿಸಿ ಬಾಟಲಿ ತೊಳೆಸಿದ. ಡಬ್ಬಿ ಉಜ್ಜಿಸಿದ. ರಟ್ಟು ಒರೆಸಿ ಬಿಸಿಲಿಗೆ ಒಣಗಿಸಿ ಬಿಳಿ ಚೀಲದಲ್ಲಿ ತುಂಬಿಸಿದ. ಶೂಟಿಂಗ್ ಇದ್ದ ದಿನ ಆ ತೊಳೆದ ಕಸವೇ ಬೆಲ್ಟಿನ ಮೇಲೆ ಮೆರವಣಿಗೆ ಹೋಗುವುದು. ಮುಗಿದ ಮೇಲೆ ಆರಿಸಿ ಮತ್ತೆ ಚೀಲಕ್ಕೆ. ತೊಳೆಯಲು ಆಫೀಸಿನಿಂದ ಸೋಪು ಬಂತು. ಕಸಕ್ಕೆ ಸೋಪು ಬಂತು. ನಮ್ಮ ಕೈಗೆ ಯಾವತ್ತೂ ಬಂದಿರಲಿಲ್ಲ.

ಶೂಟಿಂಗ್ ದಿನ ಬೀರು ತೆರೆಯುವುದು. ಗ್ಲೌಸು ಬರುವುದು. ಹಾಕಿಕೊಳ್ಳಿ, ನಗಿ, ತಿರುಗಿ, ಇನ್ನೊಂದು ಸಲ. "ಮುಗೀತು, ಬಿಚ್ಚಿ ಕೊಡಿ." ಮೇಡಂ ಒಂದೊಂದನ್ನೂ ಸ್ಪಿರಿಟ್ ಹಾಕಿ ಒರೆಸುತ್ತಿದ್ದರು. ಹೊರಗೂ ಒರೆಸುತ್ತಿದ್ದರು, ಒಳಗೂ ಒರೆಸುತ್ತಿದ್ದರು. ಹೊರಗೆ ತಾಗಿದ್ದು ತೊಳೆದ ಕಸ. ಒಳಗೆ ತಾಗಿದ್ದು ನಮ್ಮ ಕೈ. ಒಳಗಡೆಗೇ ಸ್ಪಿರಿಟ್ ಜಾಸ್ತಿ ಸುರಿಯುತ್ತಿದ್ದರು. ನಾನು ಕಣ್ಣಾರೆ ನೋಡಿದ್ದೇನೆ.

"ಮೇಡಂ, ಇದನ್ನ ಇಲ್ಲೇ ಬಿಟ್ರೆ ಕೆಲಸಕ್ಕೂ ಆಗೋದು," ಅಂದಳು ಚಿಕ್ಕಮ್ಮ ಒಂದು ಸಲ.

"ಅಯ್ಯೋ ಅಕ್ಕಾ, ಕೆಲಸಕ್ಕೆ ಹಾಕಿದ್ರೆ ಗಲೀಜಾಗುತ್ತೆ!"

ಚಿಕ್ಕಮ್ಮನನ್ನೇ ಪೋಸ್ಟರಿಗೆ ಆರಿಸಿದರು. ಮುಂದಿನ ಒಂದು ಹಲ್ಲಿಲ್ಲ, ನಕ್ಕರೆ ಕೆನ್ನೆಯೆಲ್ಲ ಗೆರೆ. ಇದೇ ನಿಜವಾದ ಮುಖ, ಇದಕ್ಕೇ ಜನ ಕರಗೋದು ಅಂದರು. ಕಿತ್ತಳೆ ಗ್ಲೌಸಿನ ಎರಡೂ ಕೈ ಎತ್ತಿ ನಿಂತ ಚಿಕ್ಕಮ್ಮ. ಕೆಳಗೆ ದಪ್ಪ ಅಕ್ಷರ: "ಈ ಕೈಗಳು ಸುರಕ್ಷಿತ. ನಿಮ್ಮ ಊರೂ ಸುರಕ್ಷಿತ." ಪೇಜಿನಲ್ಲಿ, ಬಸ್ಸಿನ ಹಿಂದೆ, ಆಫೀಸಿನ ಗೇಟಿನ ಮೇಲೆ. ಜನ ಹೃದಯದ ಮೇಲೆ ಹೃದಯ ಒತ್ತಿದರು. ಚಿಕ್ಕಮ್ಮ ಬಸ್ಸು ಹತ್ತಿದರೆ ಮಾತ್ರ ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ಬಸ್ಸಿನ ಹಿಂದೆ ಅವಳ ನಗು. ಬಸ್ಸಿನ ಒಳಗೆ ಅವಳ ವಾಸನೆ. ಜನರಿಗೆ ಹಿಂದಿನದು ಸಾಕಿತ್ತು.

ಆಫೀಸಿಗೆ ದೊಡ್ಡ ಸುದ್ದಿ ಬಂತು. ಜನಸಂಪರ್ಕದಲ್ಲಿ ಸೋಶಿಯಲ್ ಮೀಡಿಯಾ ಚೆನ್ನಾಗಿ ಬಳಸಿದವರಿಗೆ ಒಂದು ಪ್ರಶಸ್ತಿ ಇದೆಯಂತೆ. ಕೊನೆಯ ಸುತ್ತಿನಲ್ಲಿ ನಮ್ಮ ಪೇಜೂ ಇದೆ. ಇನ್ನು ಒಂದು ಲೈವ್ ಮಾಡಿ ತೋರಿಸಬೇಕು. ತೀರ್ಪು ಕೊಡುವವರು ಕೂತು ನೋಡುತ್ತಾರೆ. ಸಾಹೇಬರೇ ಶೆಡ್ಡಿಗೆ ಬಂದು ಚಿಕ್ಕಮ್ಮನ ಕೈ ಕುಲುಕುತ್ತಾರೆ. ಗುರುವಾರ.

ಮಂಗಳವಾರ ಚಿಕ್ಕಮ್ಮನಿಗೆ ಸೂಜಿ ಚುಚ್ಚಿತು.

ಬೆಲ್ಟಿನ ಮೇಲೆ ಕಪ್ಪು ಚೀಲ ಬಂತು. ಆಸ್ಪತ್ರೆಯದು ಹೀಗೆ ಬರಬಾರದು. ಬರುತ್ತೆ. ಚಿಕ್ಕಮ್ಮ ಚೀಲ ಹರಿದು ಕೈ ಹಾಕಿದಳು. "ಹಾ" ಅಂದಳು. ಅಷ್ಟೇ. ಕೈ ಎತ್ತಿದರೆ ಅಂಗೈ ಮಧ್ಯದಲ್ಲಿ ಸೂಜಿ, ಅದರ ಹಿಂದೆ ಸಿರಿಂಜು, ಸಿರಿಂಜಿನಲ್ಲಿ ಯಾರದೋ ರಕ್ತ. ಕಿತ್ತು ಬಿಸಾಡಿದಳು. ಬೆಲ್ಟ್ ಓಡುತ್ತಲೇ ಇತ್ತು. ಅವಳ ಪಾಲಿನ ಪ್ಲಾಸ್ಟಿಕ್ ಮುಂದೆ ಹೋಗಿಬಿಟ್ಟಿತು ಅಂತ ಮೇಸ್ತ್ರಿ ಕೂಗಿದ. ಅವನಿಗೆ ಮೊದಲು ಕಂಡದ್ದು ಪ್ಲಾಸ್ಟಿಕ್ಕು.

ನಾನು ಸಲಿಕೆ ಎಸೆದು ಓಡಿದೆ. ನಲ್ಲಿ ಕೆಳಗೆ ಕೈ ಹಿಡಿಸಿದೆ. ಹತ್ತಿರದ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಕೈ ನೋಡಿದರು, ಮುಖ ನೋಡಿದರು. ಯಾರ ರಕ್ತವೋ, ಯಾವ ಕಾಯಿಲೆಯೋ ಗೊತ್ತಿಲ್ಲ. ಕೆಟ್ಟ ಕಾಯಿಲೆಯೂ ಇರಬಹುದು. ಅದು ಮೈಗೆ ಇಳಿಯದ ಹಾಗೆ ತಡೆಯುವ ಮಾತ್ರೆ ಇದೆ. ಆದರೆ ಮೂರು ದಿನದ ಒಳಗೆ ಶುರು ಮಾಡಬೇಕು, ಬೇಗ ಆದಷ್ಟೂ ಒಳ್ಳೆಯದು. ತಡವಾದರೆ ನುಂಗಿದರೂ ಒಂದೇ, ನುಂಗದಿದ್ದರೂ ಒಂದೇ.

"ಕೊಡಿ ಡಾಕ್ಟ್ರೇ."

"ಇದು ಕೆಲಸಗಾರರ ಆಸ್ಪತ್ರೇಲಿ ಸಿಗೋದು. ಕೆಲಸದಲ್ಲೇ ಆದ ಗಾಯ ಅಂತ ನಿಮ್ಮ ಆಫೀಸಿಂದ ಒಂದು ಚೀಟಿ ತನ್ನಿ. ಆ ಚೀಟಿ ಇಲ್ದೆ ಅಲ್ಲಿ ಒಳಗೇ ಬಿಡಲ್ಲ. ಹೊರಗೆ ಕೊಂಡ್ಕೊಳ್ಳೋದು ನಿಮ್ಮ ಕೈಲಿ ಆಗಲ್ಲ."

ಚೀಟಿ. ಒಂದು ಸಾಲು, ಒಂದು ಸಹಿ. ಮೇಸ್ತ್ರಿ ಹತ್ತಿರ ಹೋದೆವು.

"ಗ್ಲೌಸು ಹಾಕ್ಕೋಬೇಕಿತ್ತು," ಅಂದ.

"ಯಾವ ಗ್ಲೌಸು?"

ಮೇಸ್ತ್ರಿ ಫೋನು ತೆಗೆದ. ಪೇಜು ತೆರೆದ. ಚಿಕ್ಕಮ್ಮನ ಫೋಟೋವನ್ನು ಚಿಕ್ಕಮ್ಮನಿಗೇ ತೋರಿಸಿದ. "ಇದ್ಯಾರಮ್ಮ? ನೀನೇ ಅಲ್ವಾ? ಕೈಯಲ್ಲಿ ಏನಿದು? ಗ್ಲೌಸು ಕೊಟ್ಟಿದೀವಿ ಅಂತ ಊರಿಗೆಲ್ಲ ಗೊತ್ತು. ಲಕ್ಷ ಜನ ಸಾಕ್ಷಿ. ನೀನು ಹಾಕ್ಕೊಳ್ದೆ ಚುಚ್ಚಿಸ್ಕೊಂಡ್ರೆ ಅದು ನಿನ್ನ ತಪ್ಪು. ಚೀಟಿ ಹೇಗೆ ಕೊಡ್ಲಿ?"

ನನ್ನ ತಲೆಗೆ ರಕ್ತ ಏರಿತು. "ಲೋ ಮೇಸ್ತ್ರಿ, ಫೋಟೋ ಮುಗಿದ ಮೇಲೆ ಬಿಚ್ಚಿಸಿಕೊಂಡು ಬುಟ್ಟಿಯಲ್ಲಿ ಹಾಕ್ಕೊಂಡು ಹೋಗಿದ್ದು ನೀನೇ ಅಲ್ವೇನೋ!"

"ಅದರ ಫೋಟೋ ಇದೆಯಾ?" ಅಂದ.

ಇರಲಿಲ್ಲ. ಹಾಕಿಕೊಂಡದ್ದಕ್ಕೆ ಫೋಟೋ ಇತ್ತು. ಬಿಚ್ಚಿದ್ದಕ್ಕೆ ಇರಲಿಲ್ಲ.

ಮಾರನೇ ದಿನಕ್ಕೆ ಕೈ ಊದಿತು. ಅಂಗೈ ಕೆಂಪಾಗಿ, ಬೆರಳು ಮಡಚಲು ಬಾರದ ಹಾಗೆ. ಚಿಕ್ಕಮ್ಮ ಎಡಗೈಯಲ್ಲಿ ಬೆಲ್ಟಿಗೆ ನಿಂತಳು. ನಾನು ಆಫೀಸಿಗೆ ಹೋದೆ. ಸಾಹೇಬರು ಮೀಟಿಂಗಿನಲ್ಲಿದ್ದರು. ಸಾಹೇಬರು ಯಾವಾಗಲೂ ಮೀಟಿಂಗಿನಲ್ಲೇ. ಮೇಡಂ ರೂಮಿಗೆ ಹೋದೆ. ಬಾಗಿಲು ತೆರೆದೇ ಇತ್ತು. ಮೇಡಂ ಫೋನಿನಲ್ಲಿ ಮುಖ ಹೂತಿದ್ದರು.

"ಮೇಡಂ, ಚಿಕ್ಕಮ್ಮಂಗೆ ಸೂಜಿ ಚುಚ್ಚಿದೆ. ಚೀಟಿ ಬೇಕು."

ಕೈ ಎತ್ತಿ ಒಂದು ನಿಮಿಷ ಅಂದರು. ತಲೆ ಎತ್ತಲಿಲ್ಲ. ನಿಂತೆ. ಕಾಲು ಬದಲಿಸಿ ನಿಂತೆ. ಕೆಮ್ಮಿದೆ. "ಮೇಡಂ" ಅಂದೆ. "ಪ್ಲೀಸ್, ಈಗ ಕಾಮೆಂಟ್ ನೋಡೋ ಟೈಮು, ಆಮೇಲೆ ಬನ್ನಿ" ಅಂದರು.

ಕಾಮೆಂಟ್ ನೋಡುವ ಟೈಮು. ಸರಿ. ನಾನೂ ಫೋನು ತೆಗೆದೆ. ಗಾಜು ಒಡೆದ ಫೋನು, ಅಕ್ಷರ ಒತ್ತಿದರೆ ಬೆರಳಿಗೆ ಚುಚ್ಚುತ್ತೆ. ಅಲ್ಲೇ ನಿಂತು ಚಿಕ್ಕಮ್ಮನ ಪೋಸ್ಟರಿನ ಕೆಳಗೆ ಬರೆದೆ: "ಈ ಫೋಟೋದಲ್ಲಿರುವ ಹೆಂಗಸಿಗೆ ಸೂಜಿ ಚುಚ್ಚಿದೆ. ಚೀಟಿ ಕೊಡಿ."

ಮೇಡಂ ಫೋನು ಟಿಂಗ್ ಅಂದಿತು. ಮೇಡಂ ಹುಬ್ಬು ಮೇಲೇರಿತು. ಬೆರಳು ಓಡಿತು. ನನ್ನ ಫೋನು ಟಿಂಗ್ ಅಂದಿತು.

"ಪ್ರಿಯ ನಾಗರಿಕರೇ, ನಿಮ್ಮ ಕಾಳಜಿಗೆ ಹೃತ್ಪೂರ್ವಕ ಧನ್ಯವಾದಗಳು. ಕಾರ್ಮಿಕರ ಸುರಕ್ಷತೆಯೇ ನಮ್ಮ ಉಸಿರು. ದಯವಿಟ್ಟು ವಿವರಗಳನ್ನು ಇನ್‌ಬಾಕ್ಸಿಗೆ ಕಳುಹಿಸಿ. ನಮ್ಮ ತಂಡ ನಿಮ್ಮನ್ನು ಸಂಪರ್ಕಿಸಲಿದೆ."

ಪಕ್ಕದಲ್ಲಿ ಕೈಮುಗಿದ ಬೊಂಬೆ. ನನ್ನ ಜನ್ಮದಲ್ಲಿ ಆಫೀಸಿನವರು ನನಗೆ ಪ್ರಿಯ ಅಂದದ್ದು ಅದೇ ಮೊದಲು.

"ಮೇಡಂ, ಅದು ನಾನೇ ಬರೆದಿದ್ದು. ಇಲ್ಲೇ ಇದೀನಿ."

ಆಗ ತಲೆ ಎತ್ತಿದರು. "ನೀವಾ? ಹಾಗೆಲ್ಲ ಪಬ್ಲಿಕ್ಕಾಗಿ ಹಾಕಬಾರದು. ಇನ್‌ಬಾಕ್ಸಿಗೆ ಕಳ್ಸಿ. ತಂಡ ಸಂಪರ್ಕಿಸುತ್ತೆ."

"ತಂಡ ಅಂದ್ರೆ ಯಾರು?"

"ನಾನೇ."

"ಹಾಗಾದ್ರೆ ಸಂಪರ್ಕಿಸಿ ಮೇಡಂ. ಎದುರಿಗೇ ನಿಂತಿದೀನಲ್ಲ!"

ಮೇಡಂ ದನಿ ತಗ್ಗಿಸಿದರು. "ನೋಡಿ, ನನಗೂ ಬೇಜಾರಿದೆ. ಆದ್ರೆ ಈಗ ಚೀಟಿ ಕೊಟ್ರೆ ಗ್ಲೌಸೇ ಕೊಟ್ಟಿರಲಿಲ್ಲ ಅಂತಾಗುತ್ತೆ. ಇಷ್ಟು ದಿನ ಕಟ್ಟಿದ ಹೆಸರು ಏನಾಗಬೇಕು? ಪ್ರಶಸ್ತಿ ಮುಗೀಲಿ. ಮುಂದಿನ ವಾರ ನಾನೇ ಸಾಹೇಬರಿಗೆ ಹೇಳ್ತೀನಿ."

"ಮೂರು ದಿನದ ಒಳಗೆ ಮಾತ್ರೆ ಬೇಕು. ಮುಂದಿನ ವಾರ ಬಂದು ಏನು ಮಾಡ್ತೀರಿ? ಇನ್ನೊಂದು ಸಲ ದೀಪ, ಕಪ್ಪು ಅಂಚು ಹಾಕ್ತೀರಾ?"

ಉತ್ತರ ಬರಲಿಲ್ಲ. ಕಾಮೆಂಟು ಮಾಡಿದ್ದರೆ ಬರುತ್ತಿತ್ತು. ಮೆಟ್ಟಿಲು ಇಳಿಯುವಾಗ ಫೋನು ನೋಡಿದೆ. ನಾನು ಬರೆದದ್ದು ಮಾಯ. ಅದರ ಕೆಳಗಿದ್ದ ಧನ್ಯವಾದವೂ ಮಾಯ.

ಗುರುವಾರ ಶೆಡ್ಡಿನ ನೆಲ ತೊಳೆಸಿದರು. ಅಗರಬತ್ತಿ ಸಾಲದು ಅಂತ ಡಬ್ಬಿಯಿಂದ ಸೆಂಟು ಹೊಡೆದರು. ಕಸದ ವಾಸನೆಯ ಮೇಲೆ ಗುಲಾಬಿ ವಾಸನೆ ಕೂತು ಎರಡೂ ಸೇರಿ ವಾಂತಿ ಬರುವ ಹಾಗಾಯಿತು. ಬಿಳಿ ಚೀಲದ ತೊಳೆದ ಕಸವನ್ನು ಬೆಲ್ಟಿನ ಬಾಯಿಯ ಎಡಕ್ಕೆ ಸುರಿಸಿದರು. ಬಲಕ್ಕೆ ಬೆಳಗಿನ ಲಾರಿ ಹಾಗೇ ನಿಂತಿತ್ತು, ಅರ್ಧ ಇಳಿಸಿದ್ದು. ಅದರ ಮೇಲೆ ಹಸಿರು ಪರದೆ ಎಳೆದರು.

ಮೇಡಂ ಬುಟ್ಟಿ ತಂದು ಗ್ಲೌಸು ಹಂಚಿದರು. ಕ್ಯಾಮೆರಾ ಮುಂದೆ ನಿಲ್ಲುವವರೆಲ್ಲ ಹಾಕಿಕೊಂಡರು. ಚಿಕ್ಕಮ್ಮನ ಬಲಗೈಗೆ ಹೋಗಲಿಲ್ಲ.

"ಇದೇನು ಇಷ್ಟು ದಪ್ಪ ಆಗಿದೆ!"

"ಸೂಜಿ ಮೇಡಂ. ಇವನು ಬಂದು ಹೇಳಿದ್ನಂತಲ್ಲ."

"ಅಯ್ಯೋ. ಸ್ವಲ್ಪ ಪೌಡರ್ ಹಾಕಿ ನೋಡೋಣ."

ಪೌಡರು ಸುರಿದರು. ಮೇಸ್ತ್ರಿ ಮಣಿಕಟ್ಟು ಹಿಡಿದ. ಮೇಡಂ ಗ್ಲೌಸಿನ ಬಾಯಿ ಹಿಗ್ಗಿಸಿ ತಳ್ಳಿದರು. ಚಿಕ್ಕಮ್ಮ ತುಟಿ ಕಚ್ಚಿದಳು. ತಳ್ಳಿದರು. ಅವಳ ಬಾಯಿಂದ ಒಂದು ಸದ್ದು ಬಂತು. ಆ ಸದ್ದನ್ನು ನಾನು ಅಮ್ಮ ಸಾಯುವಾಗ ಒಂದು ಸಲ ಕೇಳಿದ್ದೆ. ಸಲಿಕೆ ಎತ್ತಿಕೊಂಡು ಮೇಸ್ತ್ರಿಯ ಕಡೆ ಹೆಜ್ಜೆ ಇಟ್ಟೆ. ಚಿಕ್ಕಮ್ಮ ಕಣ್ಣಲ್ಲೇ ತಡೆದಳು. "ಬೇಡ ಮಗಾ. ನಿನ್ನ ಜಾಗದಲ್ಲಿ ನಿಂತ್ಕೋ."

"ಬೇರೆಯವರನ್ನ ನಿಲ್ಲಿಸೋಕೂ ಆಗಲ್ಲ," ಮೇಡಂ ಅಳುವ ಹಾಗಾಗಿದ್ದರು. "ಪೋಸ್ಟರಲ್ಲಿ ಇರೋದು ಇವರ ಮುಖ. ಹೋಗ್ಲಿ, ಎಡಗೈಗೆ ಹಾಕಿ. ಬಲಗೈ ಹಿಂದೆ ಇಟ್ಕೊಳ್ಳಿ ಅಕ್ಕಾ. ಸಾಹೇಬರಿಗೆ ಎಡಗೈ ಕೊಡಿ. ಮಾತು ನೆನಪಿದೆಯಲ್ಲ? 'ಈ ಕೈಗೆ ಸಂಸ್ಥೆಯೇ ಕಾವಲು.' ಅಷ್ಟೇ."

"ನೆನಪಿದೆ," ಅಂದಳು ಚಿಕ್ಕಮ್ಮ.

ಸಾಹೇಬರು ಬಂದರು. ಹೊಸ ಬೂಟು, ಇನ್ನೂ ಬೆಲೆಯ ಚೀಟಿ ಕಿತ್ತಿರಲಿಲ್ಲ. ಅವರ ಕೈಗೂ ಕಿತ್ತಳೆ ಗ್ಲೌಸು. ಮೇಡಂ ಫೋನಿನ ಕೋಲು ಎತ್ತಿದರು. ಲೈವ್.

ಸಾಹೇಬರು ಕ್ಯಾಮೆರಾಕ್ಕೆ ಹಲ್ಲು ಬಿಟ್ಟರು. ಇವರು ನಮ್ಮ ಕೆಲಸಗಾರರಲ್ಲ, ನಮ್ಮ ಕುಟುಂಬ ಅಂದರು. ನಾವೆಲ್ಲ ಒಂದೇ ತಾಯಿಯ ಮಕ್ಕಳು ಅಂದರು. ರೇಡಿಯೋ ಅಕ್ಕ ಪಿಸುಗುಟ್ಟಿದಳು, "ಹಾಗಾದ್ರೆ ಆಸ್ತೀಲಿ ಪಾಲು ಕೇಳೋಣ." ಆಮೇಲೆ ಸಾಹೇಬರು ಚಿಕ್ಕಮ್ಮನ ಮುಂದೆ ಬಂದು ಕೈ ಚಾಚಿದರು.

ಎಡಗೈ ಅಂತ ಸಾಹೇಬರಿಗೆ ಯಾರೂ ಹೇಳಿರಲಿಲ್ಲ. ಅವರು ಚಾಚಿದ್ದು ಬಲಗೈ.

ಚಿಕ್ಕಮ್ಮ ಒಂದು ಕ್ಷಣ ಆ ಗ್ಲೌಸಿನ ಕೈ ನೋಡಿದಳು. ಬೆನ್ನ ಹಿಂದಿನಿಂದ ತನ್ನ ಬಲಗೈ ತೆಗೆದಳು. ಬರಿಗೈ. ಊದಿದ್ದು, ಪೌಡರು ಮೆತ್ತಿದ್ದು, ಅಂಗೈ ಮಧ್ಯದಲ್ಲಿ ಕಪ್ಪು ಚುಕ್ಕೆ, ಸುತ್ತ ಕೀವು. ಚಾಚಿದಳು.

ಸಾಹೇಬರ ಕೈ ಗಾಳಿಯಲ್ಲೇ ನಿಂತಿತು. ಮುಂದೆ ಬರಲಿಲ್ಲ. ಹಿಂದೆ ಹೋಗಲೂ ಆಗಲಿಲ್ಲ, ಕ್ಯಾಮೆರಾ ಇತ್ತು.

"ಹಿಡ್ಕೊಳ್ಳಿ ಸಾಹೇಬ್ರೇ," ಅಂದಳು ಚಿಕ್ಕಮ್ಮ. "ನಿಮಗೆ ಗ್ಲೌಸಿದೆ."

ಸಾಹೇಬರ ಹಲ್ಲು ಹಾಗೇ ಬಿಟ್ಟುಕೊಂಡೇ ಇತ್ತು, ಮುಚ್ಚುವುದು ಮರೆತು ಹೋಗಿತ್ತು.

"ಈ ಕೈಗೆ ಮೊನ್ನೆ ಸೂಜಿ ಚುಚ್ಚಿತು," ಅಂದಳು. ಕ್ಯಾಮೆರಾಕ್ಕಲ್ಲ, ಸಾಹೇಬರಿಗೇ. "ಬರಿಗೈ ಇತ್ತು. ಗ್ಲೌಸು ಫೋಟೋಕ್ಕೆ ಮಾತ್ರ ಕೊಡ್ತೀರಿ. ಔಷಧಿ ಚೀಟಿ ಕೇಳಿದ್ರೆ ಫೋಟೋ ತೋರಿಸ್ತೀರಿ. ನಾಳೆಗೆ ಮೂರು ದಿನ ಮುಗಿಯುತ್ತೆ. ಚೀಟಿ ಕೊಡಿ."

ಮೇಡಂ ಕೋಲನ್ನು ಬೆಲ್ಟಿನ ಕಡೆ ತಿರುಗಿಸಿದರು. ತೀರ್ಪುಗಾರರು ನೋಡುತ್ತಿದ್ದರು, ನಿಲ್ಲಿಸುವ ಹಾಗಿರಲಿಲ್ಲ. "ಬೆಲ್ಟ್! ಬೆಲ್ಟ್ ಹಾಕಿ! ಕಸ, ಕಸ!" ಅಂತ ನನಗೆ ಸನ್ನೆ ಮಾಡಿದರು.

ಬೆಲ್ಟ್ ಹಾಕಿದೆ. ಎಡಕ್ಕೆ ಮಿರಮಿರ ಮಿಂಚುವ ಬಾಟಲಿಗಳು. ನಾನು ಬಲಕ್ಕೆ ತಿರುಗಿದೆ. ಹಸಿರು ಪರದೆ ಹಿಡಿದು ಎಳೆದೆ. ಲಾರಿಯ ಹೊಟ್ಟೆಗೆ ಸಲಿಕೆ ಚುಚ್ಚಿದೆ. ಒಂದು ಸಲ, ಎರಡು ಸಲ, ಮೈಯಲ್ಲಿದ್ದ ಬಲವೆಲ್ಲ ಹಾಕಿ. ಡೈಪರು ಹೋಯಿತು. ಕೊಳೆತ ಮೀನು ಹೋಯಿತು. ಹರಿದ ಕಪ್ಪು ಚೀಲ ಹೋಯಿತು, ಅದರಿಂದ ಹಳದಿ ನೀರು ಸೋರುತ್ತಾ. ಊರು ತನ್ನದನ್ನು ತಾನೇ ನೋಡಲಿ ಅಂತ ತಳ್ಳಿದೆ. ಸಾಹೇಬರು ಮೂಗು ಹಿಡಿದರು. ಆಮೇಲೆ ಹೊಟ್ಟೆ ಹಿಡಿದರು. ಆಮೇಲೆ ಬೆಲ್ಟಿಗೆ ಹಿಡಿದಿದ್ದ ಕ್ಯಾಮೆರಾದ ಎದುರೇ, ಹೊಸ ಬೂಟಿನ ಮೇಲೆಯೇ ವಾಂತಿ ಮಾಡಿಕೊಂಡರು.

"ಲೈಕ್ ಮಾಡಿ, ಶೇರ್ ಮಾಡಿ!" ರೇಡಿಯೋ ಅಕ್ಕ ಕೂಗಿದಳು.

ಲೈವ್ ನಿಂತಿತು. ಸಾಹೇಬರನ್ನು ಕಾರಿಗೆ ಸಾಗಿಸಿದರು. ಮೇಸ್ತ್ರಿ ಬುಟ್ಟಿ ಹಿಡಿದು ಬಂದ, ಮುಖ ಕೆಂಡ. "ಬಿಚ್ಚಿ. ಎಲ್ಲಾರೂ ಬಿಚ್ಚಿ ಹಾಕಿ."

ಯಾರೂ ಬಿಚ್ಚಲಿಲ್ಲ.

"ಕೇಳಿಸ್ಲಿಲ್ವಾ? ಆಫೀಸಿನ ಮಾಲು ಅದು."

"ನಾವೂ ಆಫೀಸಿನ ಮಾಲೇ," ಅಂದಳು ರೇಡಿಯೋ ಅಕ್ಕ. "ಬೀರುನಲ್ಲಿ ಇಟ್ಟು ಬೀಗ ಹಾಕು ನೋಡೋಣ."

"ಕೆಲಸದಿಂದ ತೆಗೆದುಹಾಕ್ತೀನಿ!"

"ತೆಗಿ. ನಾಳೆ ನೀನೇ ನಿಂತ್ಕೋ ಇಲ್ಲಿ. ಬರಿಗೈಲಿ."

ಚಿಕ್ಕಮ್ಮ ಬೆಲ್ಟಿನ ಕೆಂಪು ಗುಂಡಿಯನ್ನು ಮೊಣಕೈಯಿಂದ ಒತ್ತಿದಳು. ಬೆಲ್ಟ್ ನಿಂತಿತು. "ಚೀಟಿ ಮೊದಲು. ಬೆಲ್ಟ್ ಆಮೇಲೆ," ಅಂತ ಹೇಳಿ ನೆಲದ ಮೇಲೆ ಕೂತಳು. ಎಲ್ಲರೂ ಕೂತರು. ನಾನು ಲಾರಿಯ ಮುಂದೆ ಕೂತೆ.

ಲಾರಿಗಳು ಬಂದು ಗೇಟಿನ ಹೊರಗೆ ಸಾಲು ನಿಂತವು. ಪೇಜಿನ ತುಂಬ ಕಾಮೆಂಟು. ಮೇಡಂ ಮೂಲೆಯಲ್ಲಿ ನಿಂತು ಒಂದೊಂದಕ್ಕೂ "ಪ್ರಿಯ ನಾಗರಿಕರೇ" ಅಂತ ಶುರು ಮಾಡಿ, ಮುಗಿಸುವಷ್ಟರಲ್ಲಿ ಇನ್ನಷ್ಟು ಬರುತ್ತಿತ್ತು. ಸಾಹೇಬರು ವಾಂತಿ ಮಾಡುವುದನ್ನು ಜನ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನಿಜ ಹೇಳಬೇಕೆಂದರೆ ಚಿಕ್ಕಮ್ಮನ ಕೈ ನೋಡಿದವರಿಗಿಂತ ಸಾಹೇಬರ ವಾಂತಿ ನೋಡಿದವರೇ ಹೆಚ್ಚು. ಇರಲಿ. ಬಿಸಿಲು ಇಳಿಯುವ ಮೊದಲೇ ಚೀಟಿ ಬಂತು.

ಚೀಟಿಯ ಜೊತೆ ಮೇಡಂ ಕ್ಯಾಮೆರಾವೂ ಬಂತು. "ಅಕ್ಕಾ, ಚೀಟಿ ತಗೊಳ್ಳೋವಾಗ ಈ ಕಡೆ ನೋಡಿ. ಒಂದೇ ಫೋಟೋ. 'ತಕ್ಷಣ ಸ್ಪಂದಿಸಿದ ಸಂಸ್ಥೆ' ಅಂತ ಹಾಕಬೇಕು."

ಚಿಕ್ಕಮ್ಮ ಎಡಗೈಯಲ್ಲಿ ಚೀಟಿ ಕಸಿದುಕೊಂಡು ಬೆನ್ನು ತಿರುಗಿಸಿದಳು. ಮೇಡಂ ಆ ಬೆನ್ನನ್ನೇ ತೆಗೆದು ಹಾಕಿದರು. ಅದಕ್ಕೂ ಹೃದಯ ಬಂದವು.

ಗ್ಲೌಸು ನಮ್ಮ ಹತ್ತಿರವೇ ಉಳಿಯಿತು. ಹೆಂಗಸರು ಜಾಸ್ತಿ, ಜೊತೆ ಕಡಿಮೆ. ಒಬ್ಬೊಬ್ಬರಿಗೆ ಒಂದೊಂದು ಕೈ ಹಂಚಿಕೊಂಡರು. ಈಗ ಬೆಲ್ಟಿನ ಪಕ್ಕ ನಿಂತವರಿಗೆಲ್ಲ ಒಂದು ಕೈ ಕಿತ್ತಳೆ, ಒಂದು ಕೈ ಬರಿಗೈ. ಬಾಕಿ ಗ್ಲೌಸು ಮಂಜೂರಾಗಿದೆಯಂತೆ. ಪೇಜಿನಲ್ಲಿ ಮಂಜೂರಾಗಿದೆ. ಶೆಡ್ಡಿಗೆ ಇನ್ನೂ ಬಂದಿಲ್ಲ. ದಿನಾ ಬೆಳಿಗ್ಗೆ ಕೆಂಪು ಗುಂಡಿಯ ಪಕ್ಕ ನಿಂತು ರೇಡಿಯೋ ಅಕ್ಕ ಮೇಸ್ತ್ರಿಯನ್ನು ಕೇಳುತ್ತಾಳೆ. ಮೇಸ್ತ್ರಿ ಈಗ ಉತ್ತರ ಕೊಡುತ್ತಾನೆ.

ಪ್ರಶಸ್ತಿಯೂ ಬಂತು. ಸುಳ್ಳಲ್ಲ. ಕಷ್ಟ ಕಾಲದಲ್ಲಿ ಸೋಶಿಯಲ್ ಮೀಡಿಯಾ ಬಳಸಿ ಸಂಸ್ಥೆಯ ಹೆಸರು ಉಳಿಸಿಕೊಂಡದ್ದಕ್ಕೆ. ಸಾಹೇಬರು ಪ್ರಶಸ್ತಿಯ ಗಾಜಿನ ಕಪ್ಪು ಹಿಡಿದು ನಿಂತ ಫೋಟೋ ನೋಡಿದೆ. ಕಪ್ಪನ್ನು ಬರಿಗೈಯಲ್ಲೇ ಹಿಡಿದಿದ್ದರು.

ಚಿಕ್ಕಮ್ಮ ಒಂದು ತಿಂಗಳು ಮಾತ್ರೆ ನುಂಗಿದಳು. ತಿಂದದ್ದೆಲ್ಲ ಕಕ್ಕಿದಳು. ಕಕ್ಕಿ, ಬಾಯಿ ಒರೆಸಿಕೊಂಡು ಬೆಲ್ಟಿಗೆ ಬಂದಳು. ಮೊನ್ನೆ ಆಸ್ಪತ್ರೆಗೆ ರಕ್ತ ಪರೀಕ್ಷೆಗೆ ಕರೆದಿದ್ದರು. ನಾನೂ ಹೋಗಿದ್ದೆ. ಸಾಲಿನಲ್ಲಿ ಬಹಳ ಹೊತ್ತು ನಿಂತು ಒಳಗೆ ಹೋದೆವು. ನರ್ಸು ಹೊಸ ಗ್ಲೌಸು ಹಾಕಿಕೊಂಡು ರಕ್ತ ಎಳೆದಳು. ರಕ್ತವನ್ನು ಸಣ್ಣ ಸೀಸೆಗೆ ತುಂಬಿದಳು. ಫಲಿತಾಂಶ ಬರಲು ದಿನ ಹಿಡಿಯುತ್ತೆ ಅಂದಳು. ಹತ್ತಿ ಒತ್ತಿ, "ಆಯ್ತು, ಏಳಿ" ಅಂದಳು.

ಚಿಕ್ಕಮ್ಮ ಏಳಲಿಲ್ಲ.

"ಆ ಸೂಜಿ ಎಲ್ಲಿ ಹಾಕ್ತೀರಿ?"

"ಏನು?"

"ಈಗ ನನಗೆ ಚುಚ್ಚಿದ್ರಲ್ಲ, ಆ ಸೂಜಿ. ಎಲ್ಲಿ ಹಾಕ್ತೀರಿ?"

"ಅದೆಲ್ಲ ನಾವು ನೋಡ್ಕೋತೀವಿ ಅಮ್ಮ. ಏಳಿ, ಹಿಂದೆ ಜನ ಕಾಯ್ತಿದಾರೆ."

ಟ್ರೇ ಮೇಲೆ ಸೂಜಿ ಬಿದ್ದಿತ್ತು. ಪಕ್ಕದಲ್ಲಿ ಕಪ್ಪು ಚೀಲ ಬಾಯಿ ತೆರೆದುಕೊಂಡಿತ್ತು. ಚಿಕ್ಕಮ್ಮ ಎರಡೂ ಕೈಯಲ್ಲಿ ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದಳು.

"ಕಾಯಲಿ," ಅಂದಳು. "ನನ್ನ ಕಣ್ಣೆದುರಿಗೆ ಬೇರೆ ಡಬ್ಬಿಗೆ ಹಾಕಿ. ಆಮೇಲೆ ಏಳ್ತೀನಿ."